ತಮ್ಮನ ಎಡಗಡೆ

ಜೂನ್ 9, ಸೋಮವಾರ

ಈ ವರ್ಷ ನಾವು ಗೆಲ್ಲುತ್ತೇವೆ. ಹೊರಗೆ ಹೇಳಿಕೊಂಡರೆ ಜಂಬ ಎನ್ನುತ್ತಾರೆ, ಅದಕ್ಕೇ ಇಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿ ಓದುವವರು ಯಾರೂ ಇಲ್ಲ.

ರಜೆ ಮುಗಿದ ಮೇಲೆ ಇವತ್ತು ಕಾಲೇಜಿನ ಬ್ಯಾಸ್ಕೆಟ್‌ಬಾಲ್ ತಂಡದ ಮೊದಲ ಅಭ್ಯಾಸ. ಒಳಾಂಗಣದ ಬೀಗ ತೆಗೆದದ್ದೇ ಹಳೆಯ ಬೆವರು, ರಬ್ಬರು, ಹೊಸದಾಗಿ ಬಳಿದ ವಾರ್ನಿಷ್ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿಯೇ ಓಡತೊಡಗಿತು. ಕೋಚ್ ಸರ್ ಎಲ್ಲರನ್ನೂ ನಡುವಿನ ವೃತ್ತದಲ್ಲಿ ಕೂರಿಸಿದರು.

"ಹೋದ ವರ್ಷ ಫೈನಲ್‌ನಲ್ಲಿ ಒಂದೇ ಒಂದು ಬುಟ್ಟಿಯಿಂದ ಸೋತ್ರಿ. ಈಗ್ಲೂ ಅದೇ ಹುಡುಗ್ರು ಇದೀರಿ. ಒಂದು ವರ್ಷ ವಯಸ್ಸಾಗಿದೆ, ಸ್ವಲ್ಪ ಬುದ್ಧಿನೂ ಬಂದಿರುತ್ತೆ ಅಂದ್ಕೋತೀನಿ. ಬರದೇ ಇದ್ರೆ ನಾನು ಬರಿಸ್ತೀನಿ."

ಎಲ್ಲರೂ ನಕ್ಕರು. ನಾನು ನಗಲಿಲ್ಲ, ನಾಯಕನಾದವನು ಮೊದಲ ದಿನವೇ ಹಲ್ಲು ಕಿರಿಯಬಾರದು. ಇದು ನನಗೆ ಕೊನೆಯ ವರ್ಷ. ಇನ್ನೊಮ್ಮೆ ಸೋತರೆ ಜೀವನಪೂರ್ತಿ ಆ ಒಂದು ಬುಟ್ಟಿಯನ್ನು ಹೊತ್ತು ತಿರುಗಬೇಕಾಗುತ್ತದೆ.

ರಜೆಯಲ್ಲಿ ತಮ್ಮ ಇನ್ನೂ ಎರಡು ಬೆರಳು ಬೆಳೆದಿದ್ದಾನೆ. ತಂಡದಲ್ಲಿ ಅವನಿಗೆ ಏಣಿ ಎಂದು ಹೆಸರು, ನನಗೆ ಗಿಡ್ಡಣ್ಣ. ಒಂದೇ ತಾಯಿಯ ಮಕ್ಕಳೆಂದರೆ ಯಾರೂ ನಂಬುವುದಿಲ್ಲ. ಅಮ್ಮ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನ ಹಿಂದೆ ಕೂತು, ಬಂದವರನ್ನು ಸರದಿಯಂತೆ ಒಳಗೆ ಬಿಡುವವಳು. "ಎತ್ತರ ಹಂಚೋವಾಗ ನೀನು ಸಾಲು ಬಿಟ್ಟು ಎಲ್ಲಿಗೋ ಹೋಗಿದ್ದೆ ಕಣೋ" ಎಂದು ಅವಳೇ ನನ್ನನ್ನು ಕಾಡುತ್ತಾಳೆ. ಇರಲಿ. ಬಾಲ್ ಕೊಡಲು ನಾನು, ಹಾಕಲು ಅವನು. ಇಷ್ಟು ಸಾಕು.

ಜೂನ್ 14, ಶನಿವಾರ

ಇವತ್ತು ಐದೈದು ಜನರ ಎರಡು ಪಂಗಡ ಮಾಡಿ ಆಡಿದೆವು. ನಾನೂ ತಮ್ಮನೂ ಇದ್ದ ಕಡೆಯೇ ಗೆದ್ದಿತು ಎಂದು ಬರೆಯುವ ಅಗತ್ಯವಿಲ್ಲ.

"ನೀವಿಬ್ರೂ ಮಾತೇ ಆಡದೆ ಹೇಗ್ರೋ ಆಡ್ತೀರಾ?" ಎಂದು ಉಪನಾಯಕ ಕೇಳಿದ. ಅವನಿಗೆ ಗೊತ್ತಿಲ್ಲ, ನಾವು ಆಡುವ ಮಾತು ಒಂದೇ ಒಂದಿದೆ: "ಎಡ."

ತಮ್ಮನ ಎಡಗಣ್ಣು ಹುಟ್ಟಿನಿಂದಲೇ ಮಂಜು. ನೋಡಿದವರಿಗೆ ತಿಳಿಯುವುದಿಲ್ಲ, ಎರಡು ಕಣ್ಣೂ ಒಂದೇ ಹಾಗೆ ಹೊಳೆಯುತ್ತವೆ. ಆದರೆ ಎಡದಿಂದ ಬರುವುದೆಲ್ಲ ಅವನಿಗೆ ಕೊನೆಯ ಗಳಿಗೆಯಲ್ಲಿ, ಗೋಡೆಯಿಂದ ಹೊರಬಂದ ಹಾಗೆ ಕಾಣಿಸುತ್ತದೆ. ಚಿಕ್ಕವನಿದ್ದಾಗ ಶಾಲೆಯಲ್ಲಿ ಒಬ್ಬನಿಗೆ ಇದು ಗೊತ್ತಾಗಿ, ಇಡೀ ವರ್ಷ ಹುಡುಗರೆಲ್ಲ ಒಕ್ಕಣ್ಣ, ಒಕ್ಕಣ್ಣ ಎಂದು ಅವನ ಹಿಂದೆ ಕೂಗಿಕೊಂಡು ಓಡಿದರು. ಬೇರೆ ಶಾಲೆಗೆ ಸೇರಿದ ಮೇಲೆ ತಮ್ಮ ನನ್ನಿಂದ ಮಾತು ತೆಗೆದುಕೊಂಡ: "ಯಾರಿಗೂ ಹೇಳಬಾರ್ದು." ಹೇಳಲಿಲ್ಲ. ಅಪ್ಪ, ಅಮ್ಮ, ನಾವಿಬ್ಬರು, ಅಷ್ಟೇ. ಅಂಗಳದಲ್ಲಿ ನಾನು ಯಾವಾಗಲೂ ಅವನ ಎಡಗಡೆ ಇರುತ್ತೇನೆ. ಯಾರಾದರೂ ಬಂದರೆ "ಎಡ" ಎನ್ನುತ್ತೇನೆ. ನೋಡುವವರಿಗೆ ಅದೊಂದು ತಂತ್ರ.

ಮನೆಗೆ ಬಂದ ಮೇಲೆ ಅವನ ಶೂ ನೋಡಿದೆ. ಅಡಿ ಸವೆದಿದೆ. ಅವನಿಗೆ ಕೆಂಪು ಪಟ್ಟಿಯದು ಬೇಕಂತೆ. ಹಿಮ್ಮಡಿ ಗಟ್ಟಿಯಿರುವ ಬಿಳಿಯದನ್ನೇ ತೆಗೆದುಕೋ ಎಂದೆ. ಹಳೆಯ ಶೂವಿನ ಲೇಸು ಬಿಗಿದು "ಸರಿ ಅಣ್ಣ" ಎಂದ. ಒಳ್ಳೆಯ ಹುಡುಗ.

ಜೂನ್ 27, ಶುಕ್ರವಾರ

ಎಲ್ಲಿಂದ ಶುರು ಮಾಡಲಿ.

ಸಂಜೆ ಊಟದ ಮೇಜಿನ ಮೇಲೆ ಲೋಟಗಳನ್ನಿಟ್ಟು ತಮ್ಮನಿಗೆ ಹೊಸ ಆಟ ವಿವರಿಸುತ್ತಿದ್ದೆ. ಪುಟ್ಟ ಲೋಟ ನಾನು. ಉಪ್ಪಿನ ಡಬ್ಬಿ ಅವನು. ಅಮ್ಮ ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಚ್ಚುತ್ತಿದ್ದಳು.

"ಅಣ್ಣಾ, ಆ ಉಪ್ಪಿನ ಡಬ್ಬಿ ತೆಗ್ದಿಡು."

"ಯಾಕೋ?"

"ಅದು ಈ ವರ್ಷ ಅಲ್ಲಿರಲ್ಲ."

ತಮಾಷೆ ಎಂದುಕೊಂಡೆ. ಗಾಯವೇನಾದರೂ ಆಗಿದೆಯೇ ಎಂದು ಮೊಣಕಾಲು ನೋಡಿದೆ. ಅವನು ಮೇಜಿನ ಅಂಚನ್ನು ಉಗುರಿನಿಂದ ಕೆರೆಯುತ್ತಾ ಹೇಳಿದ: "ಹೊಳೆಯಾಚೆ ಕಾಲೇಜಿಗೆ ಸೇರ್ಕೊಂಡಿದೀನಿ. ಆಡೋಕೆ. ಹಾಸ್ಟೆಲ್ಲೂ ಅಲ್ಲೇ ಕೊಡ್ತಾರೆ."

ಹೊಳೆಯಾಚೆಯ ಕಾಲೇಜು! ಹೋದ ವರ್ಷ ಫೈನಲ್‌ನಲ್ಲಿ ನಮ್ಮನ್ನು ಸೋಲಿಸಿದವರು.

ಅಮ್ಮನ ಕಡೆ ತಿರುಗಿದೆ. ಅವಳು ಒಂದು ಕಾಲಿನ ಚಪ್ಪಲಿ ಬಿಚ್ಚಿ, ಇನ್ನೊಂದು ಹಾಗೇ ಹಾಕಿಕೊಂಡು ನಿಂತಿದ್ದಳು.

"ನಿಂಗೆ ಗೊತ್ತಿತ್ತಾ?"

"ಗೊತ್ತಿತ್ತು ಕಣೋ."

"ನಂಗ್ಯಾಕೆ ಹೇಳ್ಲಿಲ್ಲ?"

"ನಾನೇ ಹೇಳ್ತೀನಿ ಅಂದ. ಧೈರ್ಯ ಮಾಡೋಕೆ ಇಷ್ಟು ದಿನ ಹಿಡೀತು, ಪಾಪ."

ಪಾಪ ಎಂದಳು. ಅವನಿಗೆ.

ಜೂನ್ 28, ಶನಿವಾರ

ಅಭ್ಯಾಸಕ್ಕೆ ಹೋಗಲಿಲ್ಲ.

ಜುಲೈ 4, ಶುಕ್ರವಾರ

ತಂಡಕ್ಕೆ ಹೇಳುವ ಕೆಲಸ ನನ್ನ ತಲೆಗೇ ಬಿತ್ತು. ಹೇಳಿ ಮುಗಿಸಿದಾಗ ಯಾರೋ ಬಾಲನ್ನು ಕೈಬಿಟ್ಟರು. ಅದು ಪುಟಿಯುತ್ತಾ ಪುಟಿಯುತ್ತಾ ಗೋಡೆಯವರೆಗೂ ಹೋಯಿತು, ಯಾರೂ ತರಲಿಲ್ಲ. ಕೋಚ್ ಸರ್ ಕೊರಳಿನ ಸೀಟಿ ತೆಗೆದು ಪಕ್ಕದಲ್ಲಿಟ್ಟು ಬೆಂಚಿನ ಮೇಲೆ ಕೂತರು.

ಆಮೇಲೆ ನನ್ನೊಬ್ಬನನ್ನೇ ಕರೆದು ನೇರವಾಗಿ ಹೇಳಿದರು: "ಏಣಿ ಇದ್ರೆ ನಾವು ಮೊದಲ ಸ್ಥಾನಕ್ಕೆ ಆಡ್ತಿದ್ವಿ. ಈಗ ಸೆಮಿಫೈನಲ್ ತಲುಪಿದ್ರೆ ಅದೇ ದೊಡ್ಡದು. ಹುಡುಗ್ರಿಗೆ ಹೀಗಂತ ಹೇಳ್ಬೇಡ."

"ಎಲ್ರಿಗೂ ಕೈಕೊಟ್ಟು ಹೋದ, ಸರ್."

"ಎಲ್ರಿಗಾ, ನಿಂಗಾ?"

ಗೋಡೆಯ ಬಳಿ ಬಿದ್ದಿದ್ದ ಬಾಲನ್ನು ತರಲು ಹೋದೆ. ಅಪ್ಪ ಲಾರಿ ಓಡಿಸುತ್ತಾ ಎಲ್ಲೋ ದಾರಿಯಲ್ಲಿದ್ದವರು ಸಂಜೆ ಫೋನ್ ಮಾಡಿದರು. "ಒಬ್ಬ ಆ ದಡ, ಒಬ್ಬ ಈ ದಡ. ನಾನು ಸೇತುವೆ ಮೇಲೆ ನಿಂತು ಚಪ್ಪಾಳೆ ತಟ್ಲಾ?" ಎಂದು ನಕ್ಕರು. ನಗು ಅರ್ಧಕ್ಕೇ ನಿಂತಿತು. ಅಮ್ಮ ಎಲ್ಲ ಹೇಳಿರಬೇಕು.

ಒಂದೇ ಕೋಣೆಯಲ್ಲಿ ಎರಡು ಮಂಚ. ನಡುವೆ ಒಂದು ಕುರ್ಚಿ ಹಿಡಿಸುವಷ್ಟು ಜಾಗ. ನಾವು ಮಾತಾಡುವುದಿಲ್ಲ. "ಅಮ್ಮಾ, ಆ ಟವೆಲ್ ನಂದು ಅಂತ ಅವನಿಗೆ ಹೇಳು" ಎಂದೆ ಬೆಳಿಗ್ಗೆ. "ಹಲ್ಲು ಕಚ್ಕೊಂಡು ಕೂರೋರ್ನ ದಿನಾ ಕ್ಲಿನಿಕ್ಕಲ್ಲಿ ನೋಡಿ ಸಾಕಾಗಿದೆ ನಂಗೆ. ಇಬ್ರೂ ಬಾಯಿ ತೆಗೀರಿ" ಎಂದು ಅಮ್ಮ ರೇಗಿದಳು. ಇಬ್ಬರೂ ತೆಗೆಯಲಿಲ್ಲ.

ಜುಲೈ 13, ಭಾನುವಾರ

ಇವತ್ತು ಹೊರಟ. ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದ, ಗಂಟು ನಿಲ್ಲುತ್ತಿರಲಿಲ್ಲ. ನೋಡಲಾಗದೆ ನಾನೇ ಕಿತ್ತುಕೊಂಡು ಕಟ್ಟಿದೆ. ಅವನು ಬಿಟ್ಟುಕೊಟ್ಟು ಗೋಡೆಗೆ ಒರಗಿ ನಿಂತ.

"ಅಲ್ಲಿ ನಿನ್ನ ಎಡಗಡೆ ಯಾರಿರ್ತಾರೆ?" ಎಂದೆ. ಇಷ್ಟು ದಿನಗಳಲ್ಲಿ ಅವನೊಡನೆ ಆಡಿದ ಮೊದಲ ಮಾತು.

"ಯಾರೂ ಬೇಡ."

"ಬೇಡ ಅಂದ್ರೆ?"

"ನೀನು ಎಡ ಅಂದಾಗ ತಿರುಗ್ತೀನಿ, ಬಾ ಅಂದಾಗ ಬರ್ತೀನಿ, ಹಾಕು ಅಂದಾಗ ಹಾಕ್ತೀನಿ. ಎಲ್ರೂ ಏಣಿ ಚೆನ್ನಾಗಿ ಆಡ್ದ ಅಂತಾರೆ. ನಂಗೆ ಮಾತ್ರ ನಾನು ಆಡ್ದೆ ಅಂತ ಒಂದಿನಾನೂ ಅನ್ನಿಸ್ಲಿಲ್ಲ ಅಣ್ಣಾ."

"ನಾನಿಲ್ದೇ ಹೋಗಿದ್ರೆ ನೀನು ಬಾಲೇ ಮುಟ್ತಿರ್ಲಿಲ್ಲ."

"ಅದೇ," ಎಂದ. ಅದೇ ಎಂದರೇನು? ಹಾಸಿಗೆ ಎತ್ತಿ ಬೆನ್ನಿಗೇರಿಸಿಕೊಂಡ.

ಅಮ್ಮ ಅವನ ಜೊತೆ ಬಸ್ ನಿಲ್ದಾಣದವರೆಗೂ ಹೋದಳು. ನಾನು ಕಿಟಕಿಯಿಂದ ನೋಡಿದೆ. ಬೆನ್ನ ಮೇಲೆ ಹಾಸಿಗೆ, ಕಾಲಲ್ಲಿ ಕೆಂಪು ಪಟ್ಟಿಯ ಶೂ. ಯಾವಾಗ ಕೊಂಡನೋ.

ಕೋಣೆ ದೊಡ್ಡದಾಗಿದೆ. ಇನ್ನೇನು ಬರೆಯಲಿ.

ಜುಲೈ 19, ಶನಿವಾರ

ಅವನ ಜಾಗಕ್ಕೆ ಕೋಚ್ ಸರ್ ಒಬ್ಬನನ್ನು ಹಿಡಿದು ತಂದಿದ್ದಾರೆ. ಮೊದಲ ವರ್ಷದ ರಸಾಯನಶಾಸ್ತ್ರದ ಹುಡುಗ. ಎತ್ತರವೇನೋ ಇದೆ, ಆದರೆ ಕೈಕಾಲುಗಳು ಬೇರೆ ಬೇರೆ ಮನೆಯಿಂದ ಬಂದ ಹಾಗಿವೆ. ಬಂದ ದಿನವೇ ಹುಡುಗರು ಒಂಟೆ ಎಂದು ಹೆಸರಿಟ್ಟರು. ಬಾಲ್ ಕೊಟ್ಟರೆ ಎದೆಗೆ ಬಡಿಸಿಕೊಳ್ಳುತ್ತಾನೆ. ತಮ್ಮ ಇರಬೇಕಾದ ಜಾಗಕ್ಕೆ ಕಣ್ಣು ಮುಚ್ಚಿ ಬಾಲ್ ಎಸೆಯುವುದು ನನ್ನ ರೂಢಿ. ಇವತ್ತು ಅಲ್ಲಿ ಯಾರೂ ಇರಲಿಲ್ಲ, ಬಾಲ್ ಹೋಗಿ ನೀರಿನ ಡ್ರಮ್ಮಿಗೆ ಬಡಿಯಿತು. ಎಲ್ಲರೆದುರು ಒಂಟೆಗೆ ಬಾಯಿಗೆ ಬಂದ ಹಾಗೆ ಬೈದೆ.

ಅವನು ಕೈಕಟ್ಟಿ ಕೇಳಿಸಿಕೊಂಡು, ಕೊನೆಗೆ ಮೆಲ್ಲಗೆ ಹೇಳಿದ: "ಕ್ಯಾಪ್ಟನ್, ನಾನೆಲ್ಲಿದೀನಿ ಅಂತ ಒಂದ್ಸಲ ನೋಡಿ ಕೊಟ್ರೆ ಹಿಡೀತೀನಿ."

ಹುಡುಗರು ನಗು ತಡೆದುಕೊಂಡರು. ಈ ವರ್ಷ ನಮ್ಮ ಕತೆ ಮುಗಿಯಿತು.

ಆಗಸ್ಟ್ 2, ಶನಿವಾರ

ಲೀಗ್ ಶುರುವಾಗುವ ಮೊದಲು ಒಂದು ಸೌಹಾರ್ದ ಪಂದ್ಯ ಗೊತ್ತಾಗಿದೆ. ಮುಂದಿನ ಶನಿವಾರ, ನಮ್ಮ ಅಂಗಳದಲ್ಲೇ, ಹೊಳೆಯಾಚೆಯವರ ಮೇಲೆ.

ಕೋಚ್ ಸರ್ ಹಲಗೆಯ ಮೇಲೆ ಐದು ಗುಂಡು ಬರೆದು, ನಡುವಿನದರ ಸುತ್ತ ಇನ್ನೊಂದು ಗೆರೆ ಎಳೆದರು. "ಇವನ್ನ ತಡೆದ್ರೆ ಅರ್ಧ ಪಂದ್ಯ ನಮ್ದು. ಹೇಗೆ ತಡೆಯೋದು?"

ಎಲ್ಲರೂ ನನ್ನನ್ನು ನೋಡಿದರು. ಒಬ್ಬ ಉಗುರು ಕಡಿಯುತ್ತಿದ್ದ. ಫ್ಯಾನು ತಿರುಗುತ್ತಿತ್ತು. ಅವನು ಹೋಗಿ ಇಪ್ಪತ್ತು ದಿನವಾಗಿತ್ತು, ಒಂದು ಸಲವೂ ಫೋನ್ ಮಾಡಿರಲಿಲ್ಲ. ಅಮ್ಮನಿಗೆ ಮಾಡುತ್ತಿದ್ದ. ಪಕ್ಕದ ಕೋಣೆಯಲ್ಲಿ ಕೂತು ಅವಳ ನಗು ಕೇಳಿಸಿಕೊಳ್ಳುತ್ತಿದ್ದೆ.

"ಎಡಗಡೆಯಿಂದ ಹೋಗಿ," ಎಂದೆ. "ಎಡಗಣ್ಣು ಕಾಣ್ಸಲ್ಲ ಅವನಿಗೆ."

ಅಷ್ಟೇ. ಎಷ್ಟು ಚಿಕ್ಕ ಮಾತು. ಹೇಳಿದ ಮೇಲೆ ಆಕಾಶವೇನೂ ಕಳಚಿ ಬೀಳಲಿಲ್ಲ. ಉಪನಾಯಕ "ಅಯ್ಯೋ, ಹೌದಾ? ಇಷ್ಟು ದಿನ ಗೊತ್ತೇ ಆಗ್ಲಿಲ್ವಲ್ಲೋ" ಎಂದ. ಕೋಚ್ ಸರ್ ಸ್ವಲ್ಪ ಹೊತ್ತು ಸೀಮೆಸುಣ್ಣವನ್ನು ಬೆರಳುಗಳ ನಡುವೆ ಉರುಳಿಸಿ, ಆಮೇಲೆ ಎಡಗಡೆಯಿಂದ ಒಂದು ಬಾಣ ಬರೆದರು.

ನಾಯಕನಾಗಿ ನಾನು ಮಾಡಬೇಕಾದದ್ದನ್ನೇ ಮಾಡಿದ್ದೇನೆ. ಅವನು ಈಗ ಎದುರಾಳಿ. ಎದುರಾಳಿಯ ಕೊರತೆ ಗೊತ್ತಿದ್ದೂ ಮುಚ್ಚಿಟ್ಟರೆ ಅದು ನನ್ನ ತಂಡಕ್ಕೆ ಮಾಡುವ ಮೋಸ. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ.

ಯಾರನ್ನೂ ಕೇಳಲಿಲ್ಲ.

ಆಗಸ್ಟ್ 9, ಶನಿವಾರ

ಗೆದ್ದೆವು.

ಎಲ್ಲವನ್ನೂ ಬರೆದುಬಿಡುತ್ತೇನೆ, ಇಲ್ಲದಿದ್ದರೆ ತಲೆಯೊಳಗೆ ತಿರುಗುತ್ತಲೇ ಇರುತ್ತದೆ.

ಪಂದ್ಯಕ್ಕೆ ಮೊದಲು ಎರಡೂ ತಂಡದವರು ಸಾಲಾಗಿ ಕೈಕುಲುಕಬೇಕು. ನೀಲಿ ಬನಿಯನ್ನಿನಲ್ಲಿ ಅವನು ಇನ್ನೂ ಎತ್ತರ ಕಂಡ, ಸ್ವಲ್ಪ ತೆಳ್ಳಗಾಗಿದ್ದ. ನನ್ನ ಸರದಿ ಬಂದಾಗ ಕೈ ಹಿಡಿದು, "ಆಲ್ ದ ಬೆಸ್ಟ್, ಕ್ಯಾಪ್ಟನ್" ಎಂದ. ಅಣ್ಣ ಎನ್ನಲಿಲ್ಲ. ಎಲ್ಲರೆದುರು ಸಂಕೋಚವಿದ್ದಿರಬಹುದು. ನಾನೂ "ಸೇಮ್ ಟು ಯು" ಎಂದೆ, ಯಾರೋ ಗುರುತಿಲ್ಲದವರಿಗೆ ಹೇಳುವ ಹಾಗೆ.

ಮೊದಲ ಅರ್ಧ ಅವನು ನಮ್ಮನ್ನು ಆಡಿಸಿಬಿಟ್ಟ. ನಾನು ಕಲಿಸಿದ ತಿರುವು, ನಾನು ಕಲಿಸದ ಎರಡು ತಿರುವು. ಒಂದು ಸಲ ಒಂಟೆಯ ತಲೆಯ ಮೇಲಿಂದಲೇ ಬುಟ್ಟಿಗೆ ಇಳಿಸಿದಾಗ ನಮ್ಮ ಕಾಲೇಜಿನವರೂ ಮೈಮರೆತು ಕೂಗಿದರು. ವಿರಾಮದಲ್ಲಿ ನಾವು ತುಂಬಾ ಹಿಂದಿದ್ದೆವು. ಕೋಚ್ ಸರ್ ನನ್ನ ಮುಖ ನೋಡದೆ ಹೇಳಿದರು: "ಇನ್ಮೇಲೆ ಎಡಕ್ಕೆ ಹೋಗಿ."

ಎರಡನೇ ಅರ್ಧದಲ್ಲಿ ಉಪನಾಯಕ ಎಡದಿಂದ ನುಗ್ಗಿ ಅವನ ಕೈಯಿಂದ ಬಾಲ್ ಕಿತ್ತುಕೊಂಡ. ಮತ್ತೊಮ್ಮೆ ಕಿತ್ತುಕೊಂಡ. ಮೂರನೇ ಸಲ ಬಾಲ್ ಹೋದಾಗ ತಮ್ಮ ತನ್ನ ಖಾಲಿ ಕೈ ನೋಡಿಕೊಂಡ, ಆಮೇಲೆ ನೆಲ ನೋಡಿದ, ಆಮೇಲೆ ನನ್ನನ್ನು ನೋಡಿದ. ಗೊತ್ತಾಯಿತು ಅವನಿಗೆ. ಅವನ ಹೊಸ ಗೆಳೆಯರು "ಏನಾಯ್ತೋ ನಿಂಗೆ?" ಎಂದು ಕಿರುಚುತ್ತಿದ್ದರು. ಅವನು ಏನೂ ಹೇಳಲಿಲ್ಲ. ನನ್ನನ್ನು ತೋರಿಸಲೂ ಇಲ್ಲ.

ಕೊನೆಯಲ್ಲಿ ಬೋರ್ಡಿಗೆ ಬಡಿದು ಬಂದ ಬಾಲ್ ಹಿಡಿಯಲು ಅವನು ಮೇಲೆ ಹಾರಿದ. ಎಡಗಡೆಯಿಂದ ಉಪನಾಯಕ ಪೂರ್ತಿ ವೇಗದಲ್ಲಿ ಬರುತ್ತಿದ್ದ. ನಾನು ಎರಡೇ ಹೆಜ್ಜೆ ದೂರದಲ್ಲಿದ್ದೆ. ನನ್ನ ಬಾಯಿ ತೆರೆಯಿತು. ಇಷ್ಟು ವರ್ಷದ ರೂಢಿ, ತಾನಾಗಿಯೇ ತೆರೆಯಿತು. ನಾನು ಮುಚ್ಚಿಕೊಂಡೆ.

ಅವನು ಮುಖ ಕೆಳಗಾಗಿ ಬಿದ್ದ. ಹೊಸ ವಾರ್ನಿಷ್ ಮೇಲೆ ರಕ್ತ ಬೇಗ ಹರಡುತ್ತದೆ. ಮುಂದಿನ ಹಲ್ಲು ಅರ್ಧ ಮುರಿದಿತ್ತು, ತುಟಿ ಸೀಳಿತ್ತು. ಅವರ ಕೋಚ್ ಮೇಡಂ ಓಡಿ ಬಂದು ಕೊರಳಲ್ಲಿದ್ದ ಟವೆಲನ್ನು ಅವನ ಬಾಯಿಗೆ ಒತ್ತಿ ಹಿಡಿದು ಕಾರಿಗೆ ಹತ್ತಿಸಿಕೊಂಡು ಹೋದರು. ಹತ್ತಿರದ ಹಲ್ಲಿನ ಕ್ಲಿನಿಕ್ ಯಾವುದು ಎಂದು ಅವರು ಕೇಳಿದಾಗ ಹೇಳಿದವನು ನಾನೇ.

ಆಟ ಮುಂದುವರಿಯಿತು. ಗೆದ್ದೆವು. ಹುಡುಗರು ನನ್ನನ್ನು ಎತ್ತಿಕೊಂಡು ಕುಣಿದರು. ಮೇಲಿನಿಂದ ನೋಡಿದರೆ ಬುಟ್ಟಿಯ ಕೆಳಗೆ ಒಬ್ಬ ಹೆಂಗಸು ಬಕೆಟ್ಟಿಟ್ಟುಕೊಂಡು ಉಳಿದ ಕಲೆಯನ್ನು ಮತ್ತೆ ಒರೆಸುತ್ತಿದ್ದಳು.

ಆಗಸ್ಟ್ 10, ಭಾನುವಾರ

ಅಮ್ಮ ಮಾತಾಡುತ್ತಿಲ್ಲ. ತಟ್ಟೆ ಇಟ್ಟಳು, ತೆಗೆದಳು.

ಆಗಸ್ಟ್ 12, ಮಂಗಳವಾರ

ಇವತ್ತು ಮಾತಾಡಿದಳು. ಬಟ್ಟೆ ಮಡಿಸುತ್ತಾ, ನನ್ನ ಕಡೆ ನೋಡದೆ.

"ನೀನೇ ಹೇಳಿದ್ಯಾ?"

"ಹೂಂ."

ಅಂಗಿಯ ತೋಳನ್ನು ಮಡಿಸಿದಳು, ಬಿಚ್ಚಿದಳು, ಮತ್ತೆ ಮಡಿಸಿದಳು.

"ಆವತ್ತು ಬಾಗ್ಲು ತೆಗೆದು ಯಾರೋ ಪೇಷಂಟ್ ಬಂದ್ರು ಅಂತ, 'ಸ್ವಲ್ಪ ಕೂತ್ಕೊಳಿ, ಕರೀತೀವಿ' ಅಂದ್ಬಿಟ್ಟೆ ಕಣೋ. ಟವೆಲ್ ಹಿಡ್ಕೊಂಡಿದ್ದ, ಮುಖನೇ ಕಾಣ್ತಿರ್ಲಿಲ್ಲ. ಕೂತ್ಕೊಂಡ. ನಾನು ಹೆಸ್ರು ಕೇಳಿದ್ಮೇಲೆ ಟವೆಲ್ ತೆಗ್ದ."

ಆ ಅಂಗಿ ಬದಿಗಿಟ್ಟು ಇನ್ನೊಂದನ್ನು ಎತ್ತಿಕೊಂಡಳು.

"ಬಾಯ್ತುಂಬ ಹತ್ತಿ ತುರುಕಿದ್ರು ಡಾಕ್ಟ್ರು. ಆದ್ರೂ ಏನೋ ಹೇಳೋಕೆ ಒದ್ದಾಡ್ತಿದ್ದ. ನೋವಾಗ್ತಿದೆಯಾ ಅಂದೆ, ಅಲ್ಲ ಅಂದ. ಹತ್ತಿ ತೆಗೆದ್ಮೇಲೆ ಏನಂದ ಗೊತ್ತಾ? 'ಅಣ್ಣನಿಗೆ ಬೈಬೇಡ' ಅಂದ."

ಅವಳು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಮಡಿಸಿದ ಬಟ್ಟೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಆಗಸ್ಟ್ 20, ಬುಧವಾರ

ಹೊಳೆಯಾಚೆ ಹೋಗಿದ್ದೆ. ಮೂರು ಸಲ ಬಸ್ ನಿಲ್ದಾಣದವರೆಗೂ ಹೋಗಿ ವಾಪಸ್ ಬಂದವನು, ಇವತ್ತು ಹತ್ತಿಬಿಟ್ಟೆ.

ಅವರ ಒಳಾಂಗಣ ನಮ್ಮದಕ್ಕಿಂತ ಹಳೆಯದು. ಇದಕ್ಕಾಗಿಯೇ ನಮ್ಮನ್ನು ಬಿಟ್ಟು ಬಂದನೇ ಎಂದು ಮೊದಲು ಅನ್ನಿಸಿತು. ಅಲ್ಲಿ ಅಂಗಳದ ನಡುವೆ ತಮ್ಮ ನಿಂತಿದ್ದ. ಇಬ್ಬರು ಹುಡುಗರು ಸರದಿಯಂತೆ ಎಡದಿಂದ ಓಡಿ ಬಂದು ಅವನ ಕೈಯಲ್ಲಿದ್ದ ಬಾಲಿಗೆ ಹೊಡೆಯುತ್ತಿದ್ದರು. ಅವನು ಕತ್ತು ತಿರುಗಿಸಬೇಕು, ನೋಡಬೇಕು, ತಪ್ಪಿಸಿಕೊಳ್ಳಬೇಕು. ಬಹಳ ಸಲ ತಪ್ಪುತ್ತಿತ್ತು. ಬಾಲ್ ಹೋಗುತ್ತಿತ್ತು, ಭುಜಕ್ಕೆ ಏಟು ಬೀಳುತ್ತಿತ್ತು. "ಇನ್ನೊಂದು," ಎನ್ನುತ್ತಿದ್ದ.

ಕೋಚ್ ಮೇಡಂ ನನ್ನನ್ನು ಕಂಡು ಬಳಿಗೆ ಬಂದರು. "ನೀನೇನಾ ಅಣ್ಣ?"

ತಲೆಯಾಡಿಸಿದೆ.

"ಕಣ್ಣಿನ ವಿಷಯ ಇಲ್ಲಿಗೆ ಬಂದ ಮೊದಲ ದಿನವೇ ನನಗೆ ಹೇಳಿದ್ದ. ಅವನೇ. ತಂಡಕ್ಕೂ ತಾನೇ ಹೇಳ್ತೀನಿ, ಸ್ವಲ್ಪ ದಿನ ಕೊಡಿ, ಕತ್ತು ತಿರುಗಿಸೋದು ಕಲ್ತ್ಕೊಂಡು ಆಮೇಲೆ ಹೇಳ್ತೀನಿ ಅಂದಿದ್ದ. ಆ ಸ್ವಲ್ಪ ದಿನ ಸಿಗ್ಲಿಲ್ಲ, ಅಷ್ಟೇ." ಕೋಪದಿಂದ ಹೇಳಲಿಲ್ಲ. ಹವಾಮಾನದ ಬಗ್ಗೆ ಹೇಳುವವರ ಹಾಗೆ ಹೇಳಿದರು. "ಈಗ ಅಂಗಳಕ್ಕೆ ಇಳಿಯೋ ಮೊದಲ ಐದು ಜನರಲ್ಲಿ ಇಲ್ಲ ಅವನು. ಇನ್ಮೇಲೆ ಎಲ್ಲ ತಂಡದವರೂ ಎಡದಿಂದಲೇ ಬರ್ತಾರಲ್ಲ."

ಅವನು ಬಂದು ಮೆಟ್ಟಿಲ ಮೇಲೆ ಕೂತ. ನಾನು ಅವನ ಎಡಗಡೆ ಕೂರಲು ಹೋಗಿ, ತಡೆದು, ಬಲಗಡೆ ಕೂತೆ. ತುಟಿಯ ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ.

"ಯಾಕೆ ಹೇಳ್ದೆ?" ಎಂದ.

"ಗೆಲ್ಬೇಕಿತ್ತು."

"ಅದಲ್ಲ."

ಒಬ್ಬ ಹುಡುಗ ದೂರದಲ್ಲಿ ಒಂಟಿಯಾಗಿ ಬಾಲ್ ಪುಟಿಸುತ್ತಿದ್ದ.

"ನೀನು ಸೋಲ್ಬೇಕಿತ್ತು," ಎಂದೆ.

"ಹೂಂ. ಹಾಗೇ ಅಂದ್ಕೊಂಡೆ."

"ತಪ್ಪಾಯ್ತು ಕಣೋ."

ಅವನು ಪರವಾಗಿಲ್ಲ ಎನ್ನಲಿಲ್ಲ. ಚಿಕ್ಕಂದಿನಿಂದ ನಾನು ಏನು ಮಾಡಿದರೂ ಪರವಾಗಿಲ್ಲ ಎನ್ನುತ್ತಿದ್ದವನು.

"ವಾಪಸ್ ಬಾ," ಎಂದೆ. "ಮುಂದಿನ ವರ್ಷ. ನಾನಿರಲ್ಲ ಆಗ, ಕೋಚ್ ಸರ್ ಹತ್ರ ನಾನು ಮಾತಾಡ್ತೀನಿ."

ನಕ್ಕ. ಮುರಿದ ಹಲ್ಲು ಕಂಡಿತು. "ನೋಡು, ಇನ್ನೂ ಮುಂದಿನ ವರ್ಷನೇ ಬಂದಿಲ್ಲ, ಅಷ್ಟರಲ್ಲೇ ನಂಗೋಸ್ಕರ ನೀನು ಮಾತಾಡ್ಬಿಟ್ಟೆ." ಆಮೇಲೆ ನಗು ಇಳಿಯಿತು. "ನೀನು ಅಲ್ಲೇ ನಿಂತಿರ್ತಿದ್ಯಲ್ಲ ಅಣ್ಣಾ, ನಂಗೆ ಕತ್ತು ತಿರುಗಿಸೋದೇ ಮರ್ತುಹೋಗಿತ್ತು. ಕನ್ನಡಿ ಮುಂದೆ ನಿಂತು ಕಲೀತಿದೀನಿ, ಮಗು ಥರ."

ಅಣ್ಣಾ ಎಂದ. ಆದರೆ ಎದ್ದು ಹೋಗುವಾಗ ತಿರುಗಿ ನೋಡಲಿಲ್ಲ, ಬಸ್ಸಿನವರೆಗೂ ಬರಲಿಲ್ಲ. ಬರಬೇಕು ಎಂದು ನಾನೂ ಹೇಳಲಿಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಮುಖ ಅತ್ತ ಮಾಡಿಕೊಂಡರೆ ಯಾರಿಗೂ ಕಾಣುವುದಿಲ್ಲ, ಒಳ್ಳೆಯದಾಯಿತು.

ಆಗಸ್ಟ್ 28, ಗುರುವಾರ

ನಮ್ಮ ಭವಿಷ್ಯ ಬಹಳ ಚೆನ್ನಾಗಿದೆಯಂತೆ. ಕೋಚ್ ಸರ್ ಹುಡುಗರನ್ನು ಕೂರಿಸಿ ಹೇಳಿದರು, ಲೀಗ್ ಶುರುವಾದರೆ ಅವರ ಅಂದಾಜಿನಲ್ಲಿ ಮೊದಲ ಎರಡರಲ್ಲಿ ನಾವಿರುತ್ತೇವೆ, ಹೊಳೆಯಾಚೆಯವರು ಕೆಳಗಿಳಿಯುತ್ತಾರೆ. ಹುಡುಗರು ನೆಲ ಕುಟ್ಟಿದರು. ಜೂನ್‌ನಲ್ಲಿ ನಾನು ಬಯಸಿದ್ದೆಲ್ಲ ಇದೇ.

ಅಭ್ಯಾಸ ಮುಗಿದ ಮೇಲೆ ಅವರ ಬಳಿ ಹೋದೆ. "ಸರ್, ಲೀಗಲ್ಲಿ ಅವರ ಮೇಲೆ ಆಡೋವಾಗ ಆ ಎಡಗಡೆ ವಿಷಯ ಬಿಟ್ಬಿಡೋಣ."

"ನಾನು ಬಿಡ್ಬಹುದು," ಎಂದರು. "ಉಳಿದೋರು ಬಿಡ್ತಾರಾ? ಕೇಳಿದ್ ಮಾತನ್ನ ಕಿವಿಯಿಂದ ತೆಗೆದು ವಾಪಸ್ ಕೊಡೋಕಾಗುತ್ತೇನಯ್ಯಾ?" ಆಮೇಲೆ ದನಿ ತಗ್ಗಿಸಿದರು. "ಆವತ್ತು ನಾನು ನಿನ್ನನ್ನ ಕೇಳ್ಬಾರ್ದಿತ್ತು. ಕೇಳ್ದೆ."

ನಿನ್ನೆ ಪಂದ್ಯಗಳ ಚೀಟಿ ಎತ್ತುವಾಗ ಮೂರನೇ ಕಾಲೇಜಿನ ನಾಯಕ ಸಿಕ್ಕಿದ್ದ. ಹೆಗಲ ಮೇಲೆ ಕೈ ಹಾಕಿ, "ನಿನ್ ತಮ್ಮನಿಗೆ ಒಂದು ಕಣ್ಣಿಲ್ವಂತೆ, ನಿಜಾನಾ?" ಎಂದ. ಅವನ ಕೈ ತೆಗೆದು ಬಂದೆ. ಉತ್ತರ ಕೊಡದಿರುವುದೂ ಉತ್ತರವೇ ಎಂದು ಬಾಗಿಲು ದಾಟಿದ ಮೇಲೆ ಹೊಳೆಯಿತು.

ಒಂಟೆ ಸುಧಾರಿಸಿದ್ದಾನೆ. ಅವನಿಗೆ ಎದೆಯ ಎತ್ತರಕ್ಕೆ ಕೊಟ್ಟರೆ ಆಗುವುದಿಲ್ಲ, ಸ್ವಲ್ಪ ಕೆಳಗೆ ಕೊಡಬೇಕು. ಇವತ್ತು ನೀರು ಕುಡಿಯುವಾಗ ಬಂದು, "ಕ್ಯಾಪ್ಟನ್, ಈಗೀಗ ನೀವು ಬೈಯೋದೇ ಇಲ್ವಲ್ಲ, ಮೈಗೆ ಹುಷಾರಿದೆ ತಾನೆ?" ಎಂದು ಕೇಳಿದ. ಹುಷಾರಾಗಿಯೇ ಇದ್ದೇನೆ. ಯಾಕೆ ಕೇಳಿದನೋ.

ಸೆಪ್ಟೆಂಬರ್ 2, ಮಂಗಳವಾರ

ಅಮ್ಮ ಅವನ ಮಂಚವನ್ನು ಮಡಿಸಿ ಗೋಡೆಗೆ ಒರಗಿಸೋಣವೇ, ಕೋಣೆ ಅಗಲವಾಗುತ್ತದೆ ಎಂದಳು. ಬೇಡ ಎಂದೆ. ಆಮೇಲೆ, ಅವನನ್ನೇ ಕೇಳು ಎಂದೆ. ಫೋನ್ ಮಾಡಿ ಕೇಳಿದಳು. ಮಡಿಸಿ ಅಂದನಂತೆ.

ಮಡಿಸಿದೆವು.

ಸೆಪ್ಟೆಂಬರ್ 6, ಶನಿವಾರ

ಲೀಗ್ ಇವತ್ತು ಶುರುವಾಯಿತು. ನಮ್ಮ ಪಂದ್ಯ ನಾಳೆ. ಇವತ್ತಿನದು ಹೊಳೆಯಾಚೆಯವರದು, ಆ ಮೂರನೇ ಕಾಲೇಜಿನ ಮೇಲೆ. ಹುಡುಗರಿಗೆ ಎದುರಾಳಿಗಳನ್ನು ನೋಡಿ ಬರುತ್ತೇನೆ ಎಂದು ಹೇಳಿ ಒಬ್ಬನೇ ಹೋದೆ. ಮೇಲಿನ ಮೆಟ್ಟಿಲಿನಲ್ಲಿ, ಜನರ ನಡುವೆ ಕೂತೆ. ಪಕ್ಕದಲ್ಲಿ ಒಬ್ಬ ಹೆಂಗಸು, ಮಡಿಲಲ್ಲಿ ಚಹಾದ ಫ್ಲಾಸ್ಕು. ಆ ಮೂರನೇ ಕಾಲೇಜಿನ ಯಾವನೋ ಹುಡುಗನ ತಾಯಿ. ಬಾಲ್ ಯಾರ ಕೈಗೆ ಹೋದರೂ "ಅಯ್ಯೋ ಅಯ್ಯೋ" ಎನ್ನುತ್ತಿದ್ದರು.

ತಮ್ಮ ಮೊದಲ ಅರ್ಧ ಪೂರ್ತಿ ಬೆಂಚಿನಲ್ಲಿ ಕೂತಿದ್ದ. ಮೊಣಕೈ ತೊಡೆಯ ಮೇಲೆ ಊರಿ, ಬಾಗಿ ನೋಡುತ್ತಿದ್ದ. ಎರಡನೇ ಅರ್ಧದಲ್ಲಿ ಕೋಚ್ ಮೇಡಂ ಅವನನ್ನು ಇಳಿಸಿದರು. ಇಳಿದ ಕ್ಷಣದಿಂದಲೇ ಎಲ್ಲರೂ ಎಡಕ್ಕೆ ಬಂದರು. ಎಲ್ಲರೂ. ಒಬ್ಬನಾದ ಮೇಲೆ ಒಬ್ಬ, ಬಾಗಿಲು ತೆರೆದಿದೆ ಎಂದು ಗೊತ್ತಿದ್ದ ಮನೆಗೆ ನುಗ್ಗುವವರ ಹಾಗೆ. ಆ ಬಾಗಿಲು ತೆರೆದವನು ನಾನು.

ಮೊದಲ ಬಾಲ್ ಹೋಯಿತು. ಎರಡನೆಯದೂ ಹೋಯಿತು. ಒಮ್ಮೆ ಭುಜಕ್ಕೆ ಬಿದ್ದ ಏಟಿಗೆ ನೆಲಕ್ಕುರುಳಿದ, ಎದ್ದ. ಅವನ ಎಡಗಡೆ ಯಾರೂ ಇರಲಿಲ್ಲ. ಆಮೇಲೆ ಅವನು ಕತ್ತು ತಿರುಗಿಸತೊಡಗಿದ. ಹಕ್ಕಿ ಕೊಂಬೆಯ ಮೇಲೆ ಕೂತು ತಿರುಗಿಸುತ್ತದಲ್ಲ, ಹಾಗೆ, ಪಟ್ಟೆಂದು ಎಡಕ್ಕೆ, ಪಟ್ಟೆಂದು ನೇರಕ್ಕೆ. ನೋಡುವವರಿಗೆ ನಗು ಬರುವಂತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು ಕೂಡ.

"ಆ ಉದ್ದದ ಹುಡ್ಗ ಯಾಕೆ ಹಂಗ್ ಕತ್ತು ಕುಣಿಸ್ತಾನೆ?" ಎಂದರು ಪಕ್ಕದ ಹೆಂಗಸು.

"ಕಲೀತಿದಾನೆ," ಎಂದೆ.

ಮುಂದಿನ ಸಲ ಎಡದಿಂದ ಬಂದವನನ್ನು ಅವನು ಮೊದಲೇ ಕಂಡ. ತಾನು ಹಾಕಬಹುದಿತ್ತು, ಹಾಕಲಿಲ್ಲ. ಬರುತ್ತಿದ್ದವನು ತನ್ನ ಮೈಮೇಲೆ ಬೀಳಲಿ ಎಂದು ನಿಂತು, ಬೀಳುವ ಹೊತ್ತಿಗೆ ಬಾಲನ್ನು ನೆಲಕ್ಕೆ ಪುಟಿಸಿ, ಖಾಲಿ ಬಿದ್ದ ಜಾಗದಲ್ಲಿದ್ದ ಗೆಳೆಯನಿಗೆ ತಲುಪಿಸಿದ. ಗೆಳೆಯ ಹಾಕಿದ. ತಮ್ಮ ಬಾಲ್ ಕೊಡುವುದನ್ನು ನಾನು ಎಂದೂ ನೋಡಿರಲಿಲ್ಲ. ಎಷ್ಟು ಚೆನ್ನಾಗಿ ಕೊಡುತ್ತಾನೆ. ಇಷ್ಟು ವರ್ಷ ಅಂಗಳದಲ್ಲಿ ಅವನ ಪಕ್ಕದಲ್ಲೇ ಓಡಿದ ನಾನು, ಅವನು ಆಡುವುದನ್ನು ಕೂತು ನೋಡಿದ್ದು ಇವತ್ತೇ ಮೊದಲು.

ಕೊನೆಗೆ ಸೋತರು. ದೊಡ್ಡ ಅಂತರದಲ್ಲೇ ಸೋತರು. ಸೀಟಿ ಊದಲು ಇನ್ನು ಸ್ವಲ್ಪವೇ ಸಮಯವಿದ್ದಾಗ ಅವನು ನಮ್ಮ ಮೆಟ್ಟಿಲುಗಳ ಬದಿಗೆ ಬಂದು ನಿಂತು, ಮತ್ತೆ ಪಟ್ಟೆಂದು ಎಡಕ್ಕೆ ಕತ್ತು ತಿರುಗಿಸಿದ. ಅಷ್ಟು ಜನರ ನಡುವೆ ನಾನು ಅವನಿಗೆ ಕಂಡೆ ಎಂದು ಅವನ ಮುಖದಲ್ಲಿ ಗೊತ್ತಾಯಿತು. ನಾನು ಕೈ ಎತ್ತಲಿಲ್ಲ. ಎತ್ತಿದ್ದರೆ ಅವನು ನೋಡುತ್ತಾ ನಿಲ್ಲುತ್ತಿದ್ದನೇನೋ. ಅವನು ನಿಲ್ಲಲಿಲ್ಲ, ಕತ್ತು ನೇರ ಮಾಡಿಕೊಂಡು ಓಡಿದ.

ಜನ ಎದ್ದು ಹೊರಡುತ್ತಿದ್ದರು. ಆ ಹೆಂಗಸು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ, "ಆ ಹುಡ್ಗ ನಿಮ್ಮನ್ನೇ ನೋಡ್ದಂಗಿತ್ತಲ್ಲಪ್ಪಾ. ಗೊತ್ತಿರೋನಾ?" ಎಂದರು.

"ಸ್ವಲ್ಪ ಗೊತ್ತು," ಎಂದೆ.